ಶಾಲೆಗೆ ಬಂದ ತೊಟ್ಟಿಲು

ಪ್ರಪಂಚದಲ್ಲಿ 'ಯಾಕೆ' ಎಂಬ ಮಾತನ್ನು ಅತಿ ಹೆಚ್ಚು ಸಲ ಆಡಿದ ಮನುಷ್ಯ ಯಾರೆಂದು ಯಾರಾದರೂ ಪುಣ್ಯಾತ್ಮರು ಎಣಿಸಿ ನೋಡಲಿ, ಅದು ನಮ್ಮ ಸೋದರಮಾವನೇ ಎಂದು ನಾನು ಪಂಥ ಕಟ್ಟುತ್ತೇನೆ. ಎರಡನೇ ಸ್ಥಾನದಲ್ಲಿ ಯಾವುದಾದರೂ ಮೂರು ವರ್ಷದ ಮಗು ಇದ್ದೀತು. ಆದರೆ ಆ ಮಗು ದೊಡ್ಡದಾಗುತ್ತದೆ, ಸುಮ್ಮನಾಗುತ್ತದೆ. ನಮ್ಮ ಮಾವ ದೊಡ್ಡವರಾದರು, ಮೇಷ್ಟ್ರಾದರು, ಕಿವಿಯ ಮೇಲಿನ ಕೂದಲು ನರೆಯಿತು. ಸುಮ್ಮನಾಗಲಿಲ್ಲ ಮಾತ್ರ!

ಒಮ್ಮೆ ಕ್ಷೌರಕ್ಕೆ ಕೂತವರು, "ನೀನು ಯಾವಾಗಲೂ ಎಡಗೆನ್ನೆಯಿಂದಲೇ ಶುರು ಮಾಡ್ತೀಯಲ್ಲ, ಯಾಕಪ್ಪ?" ಎಂದು ಕೇಳಿದರು. ಪಾಪ, ಆ ಮನುಷ್ಯ ಇಪ್ಪತ್ತು ವರ್ಷದಿಂದ ನಿಶ್ಚಿಂತೆಯಾಗಿ ಊರಿನ ಗಡ್ಡ ಬೋಳಿಸಿಕೊಂಡಿದ್ದವನು. ಕತ್ತಿ ಹಿಡಿದು ಯೋಚನೆಗೆ ಬಿದ್ದ. "ಹೌದಲ್ರೀ ಮೇಷ್ಟ್ರೇ, ಯಾಕೆ?" ಎಂದು ಅವನೂ ಶುರು ಮಾಡಿದ. ಅಷ್ಟರಲ್ಲಿ ಶಾಲೆಗೆ ಹೊತ್ತಾಯಿತು. ಆ ದಿನ ಮಾವ ಅರ್ಧ ಗಡ್ಡದಲ್ಲೇ ನಮಗೆ ಪಾಠ ಮಾಡಿದರು.

ನಂಟರ ಮದುವೆಯೊಂದರಲ್ಲಿ ಸಪ್ತಪದಿಯ ಹೊತ್ತಿಗೆ ಪುರೋಹಿತರನ್ನು ಹಿಡಿದು, "ಏಳೇ ಹೆಜ್ಜೆ ಯಾಕೆ, ಎಂಟಾದರೆ ಏನಾಗ್ತದೆ?" ಎಂದು ಕೇಳಿದರಂತೆ. ಪುರೋಹಿತರು ಸಂಸ್ಕೃತದಲ್ಲಿ ಉತ್ತರ ಹೇಳಿದರು. ಮಾವ ಅದಕ್ಕೂ ಯಾಕೆ ಎಂದರು. ಮದುಮಗ ಒಂದು ಕಾಲೆತ್ತಿಕೊಂಡು ನಿಂತೇ ಇದ್ದ. ಆಮೇಲೆ ನಮ್ಮ ನಂಟರು ಲಗ್ನಪತ್ರಿಕೆ ಕೊಡಲು ಬಂದಾಗಲೆಲ್ಲ, "ನೀವು ಊಟದ ಹೊತ್ತಿಗೆ ಬಂದ್ರೂ ನಡೀತದೆ ಮೇಷ್ಟ್ರೇ" ಎಂದು ಬಹಳ ವಿನಯದಿಂದ ಹೇಳಿ ಹೋಗುತ್ತಿದ್ದರು.

ನಾನು ಇಂಥವರ ಮನೆಯಲ್ಲಿದ್ದು ಓದಿದವಳು. ನಮ್ಮಪ್ಪನಿಗೆ ಶಿಕಾರಿಪುರದ ಜವಳಿ ಅಂಗಡಿಯಲ್ಲಿ ಕೆಲಸ, ಮನೆ ತುಂಬ ಮಕ್ಕಳು. ಮಾವ ಸೊರಬ ತಾಲ್ಲೂಕಿನಲ್ಲಿ, ಕುಪ್ಪಗಡ್ಡೆಯ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಒಬ್ಬರೇ ಮೇಷ್ಟ್ರು. ಅವರಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಹರಕೆ ಹೊತ್ತು ಹೊತ್ತು, ಚಂದ್ರಗುತ್ತಿಯ ಗುಡ್ಡ ಹತ್ತಿ ಇಳಿದು ಅತ್ತೆಯ ಮಂಡಿ ಸವೆದಿತ್ತು. "ಒಂದು ಕೂಸು ನಮ್ಮಲ್ಲಿರಲಿ" ಎಂದು ಅವರು ನನ್ನನ್ನು ಕರೆದುಕೊಂಡು ಹೋದರು. ಶಾಲೆಗೆ ಅಂಟಿಕೊಂಡೇ ಮೇಷ್ಟ್ರ ಮನೆ. ಅತ್ತೆ ಒಗ್ಗರಣೆ ಹಾಕಿದರೆ ಮೂರನೇ ಕ್ಲಾಸು ಸೀನುತ್ತಿತ್ತು. ನಯಾಪೈಸೆ ಹೊಸದಾಗಿ ಬಂದು, ಆಣೆಯನ್ನು ಹೇಗೆ ಮುರಿಯುವುದೆಂದು ಊರೆಲ್ಲ ತಲೆ ಕೆಡಿಸಿಕೊಂಡಿದ್ದ ಕಾಲ ಅದು.

ಆಗ ಸರ್ಕಾರದಿಂದ ವರ್ಷಕ್ಕೊಮ್ಮೆ ಬಡ ಮಕ್ಕಳ ನೆರವಿಗೆಂದು ಶಾಲೆಗೆ ಸ್ವಲ್ಪ ಹೆಚ್ಚಿನ ಹಣ ಬರುತ್ತಿತ್ತು. ಬಡ ಮಕ್ಕಳು ಶಾಲೆಗೆ ಬರಲು ಏನು ಬೇಕೋ ಅದನ್ನು ಕೊಳ್ಳಬೇಕು. ಎಲ್ಲ ಶಾಲೆಯವರೂ ಸ್ಲೇಟು ಕೊಳ್ಳುತ್ತಿದ್ದರು. ಮಾವನೂ ಮೊದಲ ವರ್ಷ ಸ್ಲೇಟನ್ನೇ ಕೊಂಡು, ಶಾಲೆಯ ಮುಖ ನೋಡದ ಒಂಬತ್ತು ಮಕ್ಕಳ ಮನೆಗೆ ಹಂಚಿದರು. ಸ್ಲೇಟುಗಳು ಹೋದವು. ಮಕ್ಕಳು ಬರಲಿಲ್ಲ.

ಬೇರೆ ಮೇಷ್ಟ್ರಾಗಿದ್ದರೆ ನನ್ನ ಕೆಲಸ ನಾನು ಮಾಡಿದೆ ಎಂದು ಸುಮ್ಮನಿರುತ್ತಿದ್ದರು. ನಮ್ಮ ಮಾವನಿಗೆ ನಿದ್ದೆ ಹತ್ತೀತೇ? ಒಂದು ಭಾನುವಾರ ಕೊಡೆ ಹಿಡಿದು, ನನ್ನನ್ನೂ ಕರೆದುಕೊಂಡು ಮನೆ ಮನೆಗೆ ಹೊರಟರು. ಮೊದಲನೇ ಮನೆಯಲ್ಲಿ ಸರ್ಕಾರದ ಸ್ಲೇಟು ಮಜ್ಜಿಗೆ ಗಡಿಗೆಯ ಮೇಲೆ ಮುಚ್ಚಳವಾಗಿ ಕೂತಿತ್ತು. ಎರಡನೇ ಮನೆಯಲ್ಲಿ ಕೋಳಿಗೂಡಿನ ಬಾಗಿಲಾಗಿತ್ತು.

"ಸ್ಲೇಟು ಕೊಟ್ಟಿದ್ನಲ್ಲಪ್ಪ, ಹೆಂಗಿದೆ?" ಎಂದರು ಮಾವ.

"ಬಾಳ ಚಲೋ ಐತ್ರೀ ಮೇಷ್ಟ್ರೇ. ಮುಂಗುಸಿ ಕಾಟ ನಿಂತೇ ಹೋತು," ಎಂದ ಮನೆಯ ಯಜಮಾನ.

"ಅದಲ್ಲ ಮಾರಾಯ, ಹುಡುಗ ಯಾಕೆ ಬರಲ್ಲ?"

"ಹುಡುಗ ಬಂದ್ರೆ ದನ ಯಾರ್ರೀ ಕಾಯ್ತಾರೆ? ನಿಮ್ ಸ್ಲೇಟು ಕಾಯ್ತದಾ?"

ಮಾವನ ಆಯುಷ್ಯದಲ್ಲಿ ಅವರ ಪ್ರಶ್ನೆಗೆ ಇಷ್ಟು ನೆಟ್ಟಗೆ ಯಾರೂ ಉತ್ತರ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಬಹಳ ಸಂತೋಷಪಟ್ಟರು! ದಾರಿಯುದ್ದಕ್ಕೂ, "ಇವರಿಗೆ ಇಲ್ಲದ್ದು ಸ್ಲೇಟಲ್ಲ ಕಣೇ ಕೂಸೇ, ಸ್ಲೇಟಲ್ಲ" ಎಂದು ಹೇಳಿಕೊಂಡೇ ಬಂದರು. ಹಾಗಾದರೆ ಇಲ್ಲದ್ದೇನು ಎಂದು ನಾನು ಕೇಳಿದೆ. "ಒಂದೊಂದು ಮನೇಲಿ ಒಂದೊಂದು. ಹೋಗಿ ಕೇಳದೇ ಹೆಂಗೆ ಗೊತ್ತಾಗ್ತದೆ?" ಎಂದರು. ಮನೆಗೆ ಬಂದ ಮೇಲೆ ಅತ್ತೆ, "ಇಲ್ಲದ್ದು ಏನು ಅಂತ ನಾನು ಹೇಳ್ತೀನಿ, ಈ ಮನೇಲಿ ಇಲ್ಲದ್ದು ಬೆಲ್ಲ. ತರ್ತೀನಿ ಅಂತ ಹೋಗಿದ್ರಲ್ಲ?" ಎಂದರು.

ಈಗ ಗುತ್ಯಮ್ಮನ ವಿಷಯ ಹೇಳಬೇಕು. ನಮಗಿಂತ ಒಂದು ಕ್ಲಾಸು ಮುಂದಿದ್ದ ಹುಡುಗಿ, ಬಾಯಿಲೆಕ್ಕದಲ್ಲಿ ಗಟ್ಟಿಗಿತ್ತಿ. ಮಾವ ಪ್ರಶ್ನೆ ಹೇಳಿ ಮುಗಿಸುವುದರೊಳಗೆ ಉತ್ತರ ಹೇಳಿ ನಮ್ಮ ಹೊಟ್ಟೆ ಉರಿಸುತ್ತಿದ್ದಳು. ಅವಳ ಅಪ್ಪ ಅವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ಕೂಲಿಗೆ ಹೋಗುವವರು, ಅಜ್ಜಿಗೆ ಕಣ್ಣು ಮಂಜು. ಆ ವರ್ಷ ಮಳೆಗಾಲದ ಮೊದಲಲ್ಲಿ ಮನೆಯಲ್ಲಿ ಒಂದು ತಮ್ಮ ಹುಟ್ಟಿದ. ತಿಂಗಳೊಪ್ಪತ್ತಿಗೇ ಅವ್ವ ನಾಟಿಗೆ ಹೋದಳು. ಕೂಸು ಗುತ್ಯಮ್ಮನ ಸೊಂಟಕ್ಕೆ ಬಂತು. ಅವಳು ಕೂಸಿನ ಸಮೇತ ಶಾಲೆಗೆ ಬಂದಳು.

ಆಗಲೇ ಇನ್‌ಸ್ಪೆಕ್ಟರ್ ಸಾಹೇಬರು ಬರಬೇಕೆ! ಆ ಕಡೆಗೆ ಹೊಸದಾಗಿ ವರ್ಗವಾಗಿ ಬಂದವರು. ಕ್ಲಾಸಿನಲ್ಲಿ ಬಟ್ಟೆ ಸುತ್ತಿದ ಕೂಸನ್ನು ಕಂಡು ಕೆಂಡಾಮಂಡಲವಾದರು. "ಇದೇನ್ರೀ ಶಾಲೆಯೋ ಬಾಣಂತಿ ಕೋಣೆಯೋ? ಮಕ್ಕಳು ಕೈಕೂಸು ಎತ್ಕೊಂಡು ಬರಕೂಡದು. ಇನ್ನೊಂದು ಸಲ ಕಂಡರೆ ಅಂಥವರ ಹೆಸರನ್ನೇ ಹೊಡೆದು ಹಾಕ್ತೀನಿ" ಎಂದು ಬರೆದಿಟ್ಟು ಹೋದರು. ಮಾವ ಎಂದಿನಂತೆ "ಯಾಕೆ ಸಾರ್?" ಎಂದರು. ಉತ್ತರವಾಗಿ ಸೈಕಲ್ಲಿನ ಬೆಲ್ಲು ಕೇಳಿಸಿತು.

ಮಾರನೆಯ ದಿನ ಗುತ್ಯಮ್ಮ ಕಿಟಕಿಯ ಹೊರಗೆ ನಿಂತಿದ್ದಳು. ಸೊಂಟದಲ್ಲಿ ಕೂಸು, ಸರಳಿನ ಸಂದಿಯಲ್ಲಿ ಮೂಗು. ಮಳೆಯಲ್ಲಿ ಸೂರಿನ ಕೆಳಗೆ ನಿಂತಳು, ಬಿಸಿಲಿನಲ್ಲೂ ನಿಂತಳು. ಅಲ್ಲಿಂದಲೇ ಲೆಕ್ಕಕ್ಕೆ ಉತ್ತರ ಹೇಳುತ್ತಿದ್ದಳು, ಕೂಸು ಅತ್ತರೆ ಬೇಲಿಯ ತನಕ ಓಡಿ ಹೋಗಿ ಸಮಾಧಾನ ಮಾಡಿಕೊಂಡು ಬರುತ್ತಿದ್ದಳು. ಹಾಜರಿ ಕರೆಯುವಾಗ ಮಾವನಿಗೆ ಪೀಕಲಾಟ. ಒಳಗಿಲ್ಲದವಳನ್ನು ಹಾಜರು ಎನ್ನುವಂತಿಲ್ಲ. ಕಣ್ಣೆದುರಿಗೇ 'ಹಾಜರ್ ಸಾರ್' ಎನ್ನುವವಳನ್ನು ಗೈರುಹಾಜರು ಎನ್ನುವುದು ಹೇಗೆ? ಕೊನೆಗೆ ಅವಳ ಹೆಸರಿನ ಮುಂದೆ 'ಕಿ' ಎಂದು ಬರೆದರು. ಕಿ ಅಂದರೆ ಕಿಟಕಿ! ಮೈಸೂರು ರಾಜ್ಯದಲ್ಲಿ ಇನ್ನಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇಂಥ ಅಕ್ಷರ ಇದ್ದಿರಲಾರದು.

ಆದರೆ ಕಿಟಕಿಯ ಹಾಜರಿ ಪರೀಕ್ಷೆಗೆ ನಡೆಯುವುದಿಲ್ಲವಲ್ಲ. ಹಿಂದಿನ ವರ್ಷವೂ ಕೊಯ್ಲಿನ ಕಾಲದಲ್ಲಿ ಮನೆಯಲ್ಲೇ ಉಳಿದು, ಹಾಜರಿ ಸಾಲದೆ ಗುತ್ಯಮ್ಮನಿಗೆ ನಾಲ್ಕನೇ ಕ್ಲಾಸಿನ ಪರೀಕ್ಷೆಗೆ ಕೂರಲಾಗಿರಲಿಲ್ಲ. "ಈ ವರ್ಷ ಪಾಸಾದ್ರೆ ಸೈ, ಇಲ್ದಿದ್ರೆ ಕೂಲಿಗೆ ಬರ್ಲಿ" ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ. ಅವಳು ಬೇಗ ಒಳಗೆ ಬಂದು ಕೂರಬೇಕಿತ್ತು.

ದೀಪಾವಳಿಗೆ ನಾನು ಶಿಕಾರಿಪುರಕ್ಕೆ ಬಂದಿದ್ದೆ. ರಜೆ ಮುಗಿದು ಮಾವ ನನ್ನನ್ನು ಕರೆದೊಯ್ಯಲು ಬಂದರು. ಆ ವರ್ಷದ ನೆರವಿನ ಹಣ ಜೇಬಿನಲ್ಲಿತ್ತು. ಸ್ಲೇಟಿನ ಅಂಗಡಿಯ ಮುಂದೆ ನಿಲ್ಲುತ್ತಾರೆಂದು ನೋಡಿದರೆ ಅದನ್ನು ದಾಟಿ, ಮರದ ಸಾಮಾನಿನ ಸಾಹೇಬರ ಅಂಗಡಿಗೆ ನುಗ್ಗಿದರು. ಮಣೆ, ಕಡಗೋಲು, ಲಟ್ಟಣಿಗೆಗಳ ನಡುವೆ ಹಸಿರು ಕೆಂಪು ಬಣ್ಣದ ತೊಟ್ಟಿಲೊಂದು ನೇತಾಡುತ್ತಿತ್ತು.

"ಇದಕ್ಕೆ ನಾಲ್ಕು ಹಗ್ಗ ಯಾಕೆ ಸಾಹೇಬ್ರೇ? ಮೂರು ಸಾಲದಾ?"

"ಮೂರೂ ಸಾಕ್ರೀ, ಕೂಸು ಬೇರೇರ್ದಾದ್ರೆ!" ಎಂದು ಸಾಹೇಬರು ನಕ್ಕವರು, ಮಾವ ದುಡ್ಡು ತೆಗೆದದ್ದು ಕಂಡು ಎದ್ದೇ ನಿಂತರು. ಅವರಿಗೆ ನಮ್ಮ ಮನೆಯವರೆಲ್ಲ ಗೊತ್ತು. "ಹಾಂ? ಮೇಷ್ಟ್ರೇ! ಅಂತೂ ಇಷ್ಟು ವರ್ಷಕ್ಕೆ ದೇವರು ಕಣ್ಣು ಬಿಟ್ನಲ್ರೀ!"

"ಅಯ್ಯೋ, ಇದು ನಮಗಲ್ಲ. ಶಾಲೆಗೆ."

"ಆತು ಆತು, ಶಾಲೆಗೇ ಆತು. ನಾಚ್ಕೋಬ್ಯಾಡ್ರೀ" ಎಂದು ಒಂದು ಗಿಲಕಿಯನ್ನು ಪುಕ್ಕಟೆ ಕೊಟ್ಟರು.

ಬಸ್ಸಿನ ಮೇಲೆ ತೊಟ್ಟಿಲು ಕಟ್ಟಿಸಿದ್ದಾಯಿತು. ಅದರ ಕೆಳಗೆ ಮಾವ ಕೂತ ಮೇಲೆ ಕೇಳಬೇಕೆ? ಕಂಡಕ್ಟರ್ ವಿಚಾರಿಸಿದ. "ಶಾಲೆಗೆ" ಎಂದರು. ಪಕ್ಕದವರು ವಿಚಾರಿಸಿದರು. "ಶಾಲೆಗೆ" ಎಂದರು. ಶಾಲೆಗೆ ತೊಟ್ಟಿಲು ಎಂದರೆ ಯಾರಾದರೂ ನಂಬುತ್ತಾರೆಯೇ? ಮೇಷ್ಟ್ರಿಗೆ ಸಂಕೋಚ ಎಂದುಕೊಂಡರು. ಶಿಕಾರಿಪುರ ಬಿಡುವಾಗ ಬರೀ ತೊಟ್ಟಿಲಾಗಿದ್ದದ್ದು ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಗಂಡು ಮಗುವಾಗಿತ್ತು, ಸೊರಬ ಮುಟ್ಟುವ ಹೊತ್ತಿಗೆ ಅವಳಿ ಜವಳಿ! ನನಗಂತೂ ಖುಷಿಯೋ ಖುಷಿ. ಗಿಲಕಿ ಆಡಿಸುತ್ತ ಕೂತಿದ್ದೆ.

ಆ ಖುಷಿ ಒಂದೇ ದಿನ. ಮಾರನೆಯ ಮಧ್ಯಾಹ್ನ ಪಕ್ಕದೂರಿನ ಮೂವರು ಹೆಂಗಸರು ತೆಂಗಿನಕಾಯಿ, ಹೂವು, ಕಡುಬು ಹಿಡಿದು ಬಂದರು. "ಬಾಯಿಗೆ ಏನು ಬಯಕೆ ಆಗ್ತದಮ್ಮ?" ಎಂದು ಅತ್ತೆಯನ್ನು ಕೇಳಿದರು. ಅತ್ತೆಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗುತ್ತಲೇ ಅವರಿಗೆ ಕುಂಕುಮ ಕೊಟ್ಟು, ಹಾಗೇನಿಲ್ಲ ಎಂದು ಹೇಳಿ, ಬಾಗಿಲ ತನಕ ಹೋಗಿ ಕಳಿಸಿ ಬಂದರು. ಆಮೇಲೆ ಒಲೆಯ ಮುಂದೆ ಕೂತು ಅತ್ತರು. ಹಸಿ ಸೌದೆಯ ಹೊಗೆ ಎಂದು ನನಗೆ ಹೇಳಿದರು. ಒಲೆ ಹಚ್ಚಿರಲಿಲ್ಲ. ನಾನು ಗಿಲಕಿಯನ್ನು ತಗೊಂಡು ಹೋಗಿ ಅಟ್ಟದ ಮೇಲೆ ಎಸೆದು ಬಂದೆ.

ಸಂಜೆ ಮಾವ ಬಂದಾಗ ಅತ್ತೆ ಕೇಳಿದರು. "ಊರಿಗೆಲ್ಲ ಯಾಕೆ ಯಾಕೆ ಅಂತ ಕೇಳ್ತೀರಲ್ಲ. ತೊಟ್ಟಿಲು ಹೊತ್ಕೊಂಡು ಬರೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿಮಗೆ?"

ಆ ರಾತ್ರಿ ಊಟದಲ್ಲಿ ಉಪ್ಪು ಜಾಸ್ತಿ ಇತ್ತು. ಯಾಕೆ ಎಂದು ಮಾವ ಕೇಳಲಿಲ್ಲ.

ತೊಟ್ಟಿಲೇನೋ ಶಾಲೆಯ ಜಗಲಿಯ ತೊಲೆಗೆ ನೇತಾಡಿತು. ಮಾವನ ಲೆಕ್ಕಾಚಾರ ಸರಳ: ಮಕ್ಕಳು ಕೂಸು ಎತ್ತಿಕೊಂಡು ಕೂರಬಾರದು ತಾನೆ? ಕೂಸು ಜಗಲಿಯಲ್ಲಿ ಮಲಗಲಿ, ಗುತ್ಯಮ್ಮ ಒಳಗೆ ಕೂರಲಿ. ಇಷ್ಟು ಬುದ್ಧಿ ಓಡಿಸಿದವರಿಗೆ ಒಂದು ಗೊತ್ತಿರಲಿಲ್ಲ. ಹೊಸ ತೊಟ್ಟಿಲಿಗೆ ಶಾಸ್ತ್ರ ಆಗಬೇಕು. ಮೊದಲು ಒಳಕಲ್ಲಿನ ಗುಂಡನ್ನು ಮಲಗಿಸಿ ತೂಗಿ, ಆಮೇಲೆ ಕೂಸನ್ನು ಹಾಕಬೇಕು. ಗುತ್ಯಮ್ಮನ ಅಜ್ಜಿ ಕಡ್ಡಿ ಮುರಿದಂತೆ ಹೇಳಿದಳು, "ಶಾಸ್ತ್ರ ಇಲ್ದೆ ನಮ್ ಕೂಸನ್ನ ಹಾಕಂಗಿಲ್ರೀ."

"ಅಷ್ಟೇ ತಾನೇ?" ಎಂದು ಮಾವ ಮನೆಯಿಂದ ಗುಂಡುಕಲ್ಲು ತಾವೇ ಹೊತ್ತು ತಂದು ತೊಟ್ಟಿಲಲ್ಲಿಟ್ಟು ತೂಗತೊಡಗಿದರು. ನಾಲ್ಕೂ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಜ್ಜಿಯೂ ಬೊಚ್ಚುಬಾಯಿ ಬಿಟ್ಟು ನಕ್ಕಳು. ಗಂಡಸು ತೊಟ್ಟಿಲು ಶಾಸ್ತ್ರ ಮಾಡಿದ್ದನ್ನು ಯಾರು ಕಂಡಿದ್ದಾರೆ! ಮುತ್ತೈದೆಯರೇ ಮಾಡಬೇಕು, ತೊಟ್ಟಿಲು ತಂದ ಮನೆಯ ಹೆಂಗಸೇ ಮೊದಲು ಕೈ ಹಚ್ಚಬೇಕು ಎಂದಳು. ತೊಟ್ಟಿಲು ತಂದ ಮನೆಯ ಹೆಂಗಸೆಂದರೆ ಅತ್ತೆ. ಮಕ್ಕಳಿಲ್ಲದವರನ್ನು ಆ ಊರಿನಲ್ಲಿ ಯಾರೂ ತೊಟ್ಟಿಲ ಹತ್ತಿರ ಕರೆಯುತ್ತಿರಲಿಲ್ಲ. ನೆರೆದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಮನೆಗೆ ಹೋದರು. ತೊಟ್ಟಿಲು ಎಂಟು ದಿನ ಖಾಲಿ ನಿಂತಿತ್ತು. ಗುತ್ಯಮ್ಮ ಎಂಟು ದಿನವೂ ಕಿಟಕಿಯಲ್ಲೇ ನಿಂತಿದ್ದಳು.

ಅತ್ತೆ ಅಡುಗೆಮನೆಯ ಕಿಂಡಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಒಂಬತ್ತನೇ ದಿನ ಕೂಸು ಅತ್ತೂ ಅತ್ತೂ ಗುತ್ಯಮ್ಮ ಮೂರು ಸಲ ಬೇಲಿಗೆ ಓಡಿದಳು. ನಾಲ್ಕನೇ ಸಲ ಓಡುವುದರೊಳಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. "ಆ ಹುಡುಗಿ ಸೊಂಟ ಮುರೀಲಿ ಅಂತ ಕಾಯ್ತಿದೀರಾ ಎಲ್ಲರೂ? ಹೋಗೇ, ನಿಮ್ಮಜ್ಜೀನ ಕರ್ಕೊಂಡು ಬಾ" ಎಂದರು.

ಅಜ್ಜಿ ಬಂದಳು. ಅತ್ತೆ ಗುಂಡುಕಲ್ಲಿನ ಹತ್ತಿರ ಬಂದು ನಿಂತುಬಿಟ್ಟರು, ಕೈ ಮುಂದೆ ಬರಲಿಲ್ಲ. ಅಜ್ಜಿ ಒಂದು ಗಳಿಗೆ ಅವರ ಮುಖವನ್ನೇ ನೋಡಿ, "ನಂಗೆ ಕಣ್ಣು ಕಾಣಲ್ಲ ತಾಯಿ, ಕೈಯಾಗೂ ಶಕ್ತಿ ಇಲ್ಲ. ಕಲ್ಲು ನೀವೇ ಎತ್ತಬೇಕು" ಎಂದಳು. ಕಣ್ಣು ಮಂಜಾದರೂ ದಿನಾ ಒನಕೆ ಹಿಡಿದು ಭತ್ತ ಕುಟ್ಟುವ ಮುದುಕಿ ಅದು! ಅತ್ತೆ ಕಲ್ಲು ಮಲಗಿಸಿ ತೂಗಿದರು. ಕಲ್ಲು ತೆಗೆದು ಕೂಸನ್ನು ಮಲಗಿಸಿದರು. ಗುತ್ಯಮ್ಮ ಬಾಗಿಲಿನಿಂದ ಒಳಗೆ ಬಂದು ಕೂತಳು. ಸೊಂಟ ಇನ್ನೂ ಒಂದು ಪಕ್ಕಕ್ಕೆ ವಾಲಿಕೊಂಡೇ ಇತ್ತು, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ನಮಗೆ ಗ್ರಹಚಾರ ಶುರುವಾಯಿತು. ನಾವು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದರೆ ಕೂಸು ನಿದ್ದೆ ಮಾಡುತ್ತಿತ್ತು. ನಿಲ್ಲಿಸಿದರೆ ಏಳುತ್ತಿತ್ತು. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ಮಗ್ಗಿ! ನಮ್ಮ ಶಾಲೆಯ ಮಕ್ಕಳಿಗೆಲ್ಲ ಮೂವತ್ತರ ತನಕ ಮಗ್ಗಿ ಬಾಯಿಪಾಠ, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಅತ್ತೆ ಮೊದಲು ತೂಗಲಿಕ್ಕೆಂದು ಬಂದು ಹೋಗುತ್ತಿದ್ದವರು, ಆಮೇಲೆ ಅಕ್ಕಿ ಆರಿಸುವುದನ್ನೂ ಜಗಲಿಗೇ ತಂದರು. ಮಾವನ ಜೊತೆ ಮಾತು ಬಿಟ್ಟಿದ್ದವರು ಒಂದು ದಿನ ತಾವಾಗಿಯೇ, "ಹದಿನೇಳರ ಮಗ್ಗೀಲಿ ಏಳನೆಯದನ್ನ ಆ ಹಿಂದಿನ ಸಾಲು ತಪ್ಪು ಹೇಳ್ತಾ ಇದೆ, ಕಿವಿ ಕೇಳಲ್ವಾ ನಿಮಗೆ?" ಎಂದರು. ರಾಜಿಯಾಯಿತೆಂದು ನನಗೆ ತಿಳಿಯಿತು.

ಸಂಕ್ರಾಂತಿ ಕಳೆದ ಮೇಲೆ, ಹೇಳದೆ ಕೇಳದೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಬಂದವರಿಗೆ ಮೊದಲು ಕಂಡದ್ದೇ ತೊಟ್ಟಿಲು.

"ಏನ್ರೀ ಇದು?"

"ಬಡ ಮಕ್ಕಳ ನೆರವಿನ ಹಣದಲ್ಲಿ ಕೊಂಡದ್ದು ಸಾರ್," ಎಂದರು ಮಾವ, ಸುಳ್ಳು ಹೇಳಲು ಬಾರದ ಮನುಷ್ಯ.

"ತೊಟ್ಟಿಲಾ? ಸ್ಲೇಟು ಯಾಕೆ ಕೊಳ್ಳಲಿಲ್ಲ?"

"ಸ್ಲೇಟು ಕೂಸನ್ನ ತೂಗಲ್ಲ ಸಾರ್."

ಸಾಹೇಬರ ಮುಖ ಕೆಂಪೇರಿತು. "ಈ ಹಣ ನಿಮ್ಮ ಸಂಬಳದಲ್ಲಿ ಹಿಡೀತೀವಿ" ಎಂದರು. ಮಾವ "ಆಗಲಿ ಸಾರ್" ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು, ಮುಗಿಯಲಿಲ್ಲ. ಹಾಜರಿ ಪುಸ್ತಕ ಬಿಚ್ಚಿ, ಪೆನ್ನಿನ ಟೋಪಿ ತೆಗೆದು, ಸಾಹೇಬರು ಕೇಳಿದರು. "ಈ ಕೂಸನ್ನ ತಂದಿರೋ ವಿದ್ಯಾರ್ಥಿ ಯಾರು? ಹೆಸರು ಹೇಳಿ. ಈಗಲೇ ಹೊಡೆದು ಹಾಕ್ತೀನಿ."

ಮಗ್ಗಿ ನಿಂತಿತು. ಪರೀಕ್ಷೆಗೆ ಇನ್ನೆರಡು ತಿಂಗಳು. ಎರಡನೇ ಸಾಲಿನಲ್ಲಿ ಗುತ್ಯಮ್ಮ ಸ್ಲೇಟು ಕೆಳಗಿಟ್ಟು ಮೆಲ್ಲಗೆ ಏಳತೊಡಗಿದಳು. ನಾನು ಅವಳ ಲಂಗ ಹಿಡಿದು ಜಗ್ಗಿದೆ, ಆದರೂ ಎದ್ದಳು. ಸದ್ದು ನಿಂತದ್ದಕ್ಕೆ ಎಚ್ಚರವಾಗಿ ಕೂಸು ಅಳಲು ಶುರು ಮಾಡಿತು.

ಜಗಲಿಯಲ್ಲಿ ಅತ್ತೆ ಮೊರ ಪಕ್ಕಕ್ಕಿಟ್ಟು ಎದ್ದರು. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದರು.

"ಇದು ನನ್ನ ಕೂಸು ಸಾರ್," ಎಂದರು.

ಐವತ್ತು ಮಕ್ಕಳಿದ್ದ ಶಾಲೆ. ಒಂದು ಮಗುವೂ ತುಟಿ ಬಿಚ್ಚಲಿಲ್ಲ. ಗುತ್ಯಮ್ಮ ನಿಂತವಳು ಹಾಗೆಯೇ ಕೂತಳು.

ಸಾಹೇಬರ ಮುಖ ಒಮ್ಮೆಲೇ ಅರಳಿತು. "ಓಹೋ! ನೀವಾ ತಾಯಿ? ದೀಪಾವಳಿ ಹೊತ್ತಿಗೆ ಶಿರಾಳಕೊಪ್ಪದಲ್ಲಿ ಯಾರೋ ಹೇಳ್ತಿದ್ರು, ಮೇಷ್ಟ್ರು ತೊಟ್ಟಿಲು ತಂದ್ರು ಅಂತ. ಅವಳಿ ಅಂದಿದ್ರಲ್ಲ?"

"ಒಂದೇ ಸಾರ್."

ಕೂಸಿನ ಬಾಯಲ್ಲಿ ಆಗಲೇ ಎರಡು ಹಲ್ಲು ಬಂದಿದ್ದವು. ದೀಪಾವಳಿಯಿಂದ ಸಂಕ್ರಾಂತಿಗೆ ಎಷ್ಟು ತಿಂಗಳೆಂದು ಸಾಹೇಬರು ಎಣಿಸಲಿಲ್ಲ. ಬಾಯಿಲೆಕ್ಕದಲ್ಲಿ ಅವರು ಗುತ್ಯಮ್ಮನ ಕಾಲಿನ ಧೂಳಿಗೂ ಸಮವಲ್ಲ, ದೇವರು ದೊಡ್ಡವನು! ಮೇಷ್ಟ್ರ ಮಗು ಮೇಷ್ಟ್ರ ಹೆಂಡತಿಯ ಹತ್ತಿರ ಜಗಲಿಯಲ್ಲಿದ್ದರೆ ಯಾವ ನಿಯಮಕ್ಕೂ ಅಡ್ಡಿಯಿಲ್ಲ. ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಮಾವನ ಸಂಬಳದಲ್ಲಿ ಮೂರು ತಿಂಗಳು ಹಣ ಹಿಡಿದರು, ಆ ಮೂರು ತಿಂಗಳು ನಾವು ಬೆಲ್ಲವಿಲ್ಲದೆ ಕಾಫಿ ಕುಡಿದೆವು. ಗುತ್ಯಮ್ಮ ಪರೀಕ್ಷೆಗೆ ಕೂತು, ಇಡೀ ವಲಯಕ್ಕೆ ಲೆಕ್ಕದಲ್ಲಿ ಮೊದಲು ಬಂದಳು. ಇದೆಲ್ಲ ಆಮೇಲಿನ ಮಾತು.

ಆ ದಿನ ಸಾಹೇಬರು ಸೈಕಲ್ಲು ಹತ್ತುವ ಮೊದಲು ಜಗಲಿಯ ಹತ್ತಿರ ನಿಂತು, ಕೂಸಿನ ಕೆನ್ನೆ ಮುಟ್ಟಿ, ಮನೆಯವರನ್ನು ಮಾತಾಡಿಸುವ ಹಾಗೆ ಕೇಳಿದರು.

"ಎಷ್ಟನೇದು ತಾಯಿ ಇದು?"

ಅತ್ತೆ ಕೂಸಿನ ತಲೆಯನ್ನು ಕುತ್ತಿಗೆಗೆ ಒತ್ತಿಕೊಂಡರು. "ಮೊದಲ್ನೇದು" ಎಂದರು. ಅವರ ಮುಖದಲ್ಲಿ ಸುಳ್ಳು ಹೇಳಿದ ಅಂಜಿಕೆ ಒಂದಿಷ್ಟೂ ಇರಲಿಲ್ಲ.

ಮಾವ ನಮ್ಮ ಕಡೆಗೆ ಬೆನ್ನು ಮಾಡಿ ನಿಂತಿದ್ದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ಆದರೂ ಅವರು ಬಟ್ಟೆ ತೆಗೆದುಕೊಂಡು ಬಹಳ ಹೊತ್ತು ಅದನ್ನು ಒರೆಸಿದರು, ಆಮೇಲೆ ಅದೇ ಬಟ್ಟೆಯಿಂದ ಮುಖವನ್ನೂ ಒರೆಸಿಕೊಂಡರು.